ತಣ್ಣಗಿನ ಬಲ್ಬು, ಉರಿಯುವ ಬಲ್ಬು

60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬು ಮನೆಯ ಅಟ್ಟದಲ್ಲೆಲ್ಲಾದರೂ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ. ಮಲ್ಟಿಮೀಟರ್ ಇಟ್ಟುಕೊಂಡವರಿಗೆ ಅದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ. ಹೋಲ್ಡರಿಗೆ ಹಾಕದೆ, ಕೈಯಲ್ಲೇ ಹಿಡಿದು, ಅದರ ತಳದಲ್ಲಿರುವ ಎರಡು ಬೆಸುಗೆಯ ಚುಕ್ಕೆಗಳಿಗೆ ಮೀಟರಿನ ಮೊನೆಗಳನ್ನು ತಾಗಿಸಿ ಓಮ್ ಅಳತೆ ನೋಡಿ. 60ರಿಂದ 70ರ ಆಸುಪಾಸಿನ ಅಂಕಿ ಕಾಣುತ್ತದೆ. ಈಗ ಶಾಲೆಯಲ್ಲಿ ಕಲಿತ ಲೆಕ್ಕ ಹಾಕಿ. 230 ವೋಲ್ಟನ್ನು 65 ಓಮಿನಿಂದ ಭಾಗಿಸಿದರೆ ಮೂರೂವರೆ ಆಂಪಿಯರ್. ಅದನ್ನು ಮತ್ತೆ 230ರಿಂದ ಗುಣಿಸಿದರೆ 800 ವ್ಯಾಟ್ ದಾಟಿ ಹೋಗುತ್ತದೆ!

ಬಲ್ಬಿನ ಮೇಲೆ ಅಚ್ಚಾಗಿರುವುದು 60. ಮೀಟರ್ ಕೆಟ್ಟಿಲ್ಲ, ಅಚ್ಚೂ ಸುಳ್ಳಲ್ಲ. ನಾವು ಅಳೆದದ್ದು ತಣ್ಣಗೆ ಕುಳಿತಿದ್ದ ಟಂಗ್‌ಸ್ಟನ್ ತಂತಿಯನ್ನು. ಅಚ್ಚಾಗಿರುವುದು ಉರಿಯುವ ತಂತಿಯ ಮಾತು. ಬಲ್ಬು ಹೊತ್ತಿದಾಗ ಆ ತಂತಿಯ ಉಷ್ಣತೆ ಸುಮಾರು 2500 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಅಷ್ಟು ಕಾದ ಲೋಹದಲ್ಲಿ ಪರಮಾಣುಗಳ ಅದುರಾಟ ಹೆಚ್ಚಿ, ಎಲೆಕ್ಟ್ರಾನುಗಳ ಓಟಕ್ಕೆ ಹೆಜ್ಜೆಹೆಜ್ಜೆಗೂ ಅಡ್ಡಿಯಾಗುತ್ತದೆ. ಉರಿಯುತ್ತಿರುವಾಗ ಹರಿಯುವ ಕರೆಂಟ್ ಅಳೆದರೆ 0.26 ಆಂಪಿಯರ್ ಸಿಗುತ್ತದೆ. 230ನ್ನು ಅದರಿಂದ ಭಾಗಿಸಿ: ರೋಧ ಸುಮಾರು 880 ಓಮ್. ತಣ್ಣಗಿದ್ದಾಗಿನದಕ್ಕಿಂತ ಹದಿಮೂರು ಪಟ್ಟು ಹೆಚ್ಚು. ಆ ಕರೆಂಟನ್ನು 230ರಿಂದ ಗುಣಿಸಿ ನೋಡಿ, 60 ವ್ಯಾಟ್ ಸರಿಯಾಗಿ ಬರುತ್ತದೆ.

ಮೊದಲು ಬಂದ ಆ 800 ವ್ಯಾಟ್ ಕೂಡ ಬರೀ ಕಾಗದದ ಲೆಕ್ಕವಲ್ಲ. ಸ್ವಿಚ್ ಒತ್ತಿದ ಮರುಗಳಿಗೆ, ತಂತಿ ಇನ್ನೂ ಕಾದಿಲ್ಲದಾಗ, ಆ ಮೂರೂವರೆ ಆಂಪಿಯರ್ ಕರೆಂಟ್ ನಿಜವಾಗಿಯೂ ನುಗ್ಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಸವೆದ ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕುವಾಗಲೇ ‘ಟಪ್’ ಎಂದು ಹೋಗುತ್ತಿದ್ದುದು ಇದೇ ಕಾರಣಕ್ಕೆ.

ಆದ್ದರಿಂದ ಮೀಟರ್ ಹಿಡಿದು ಅಳೆಯುವ ಈ ಹವ್ಯಾಸಕ್ಕೆ ಬರುವ ಹೊಸಬರಿಗೆ ನಾನು ಪಟ್ಟುಹಿಡಿದು ಹೇಳುವುದು ಇದನ್ನೇ: ವಸ್ತು ದುಡಿಯುತ್ತಿರುವಾಗಲೇ ವೋಲ್ಟೇಜನ್ನೂ ಕರೆಂಟನ್ನೂ ಅಳೆಯಿರಿ, ರೋಧವನ್ನು ಲೆಕ್ಕದಿಂದ ತೆಗೆಯಿರಿ. ಮೀಟರಿನ ಓಮ್ ಗುರುತಿಗೆ ತಿರುಗಿಸುವುದು ಸುಲಭ, ಆದರೆ ಅಲ್ಲಿ ಸಿಗುವುದು ಮಲಗಿರುವ ವಸ್ತುವಿನ ಸುದ್ದಿ ಮಾತ್ರ.

ಓಮ್ ಅಳತೆಗೆ ಹೆಸರು ಕೊಟ್ಟ ಗೇಯೋರ್ಗ್ ಓಮ್‌ಗೂ ಈ ಅಸ್ಥಿರತೆಯ ಕಾಟ ಇತ್ತು, ಇನ್ನೊಂದು ದಿಕ್ಕಿನಿಂದ. ಜರ್ಮನಿಯ ಕೊಲೋನ್‌ನಲ್ಲಿ ಶಾಲಾಮಾಸ್ತರನಾಗಿದ್ದ ಅವನು ಮೊದಲು ಬಳಸಿದ ಬ್ಯಾಟರಿಯ ಒತ್ತಡ ಪ್ರಯೋಗದ ನಡುವೆಯೇ ಕುಸಿಯುತ್ತಿತ್ತು. ಪೊಗ್ಗೆಂಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಅವನು ಬಿಸ್ಮತ್ ಮತ್ತು ತಾಮ್ರದ ಜೋಡಿಗೆ ಬದಲಾಯಿಸಿದ. ಒಂದು ಕೂಡುಜಾಗ ಕುದಿಯುವ ನೀರಿನಲ್ಲಿ, ಇನ್ನೊಂದು ಹಿಮದಲ್ಲಿ. ಎರಡರ ಉಷ್ಣತೆಯೂ ಕದಲುವುದಿಲ್ಲ, ಹಾಗಾಗಿ ಆ ವ್ಯತ್ಯಾಸದಿಂದ ಹುಟ್ಟುವ ವೋಲ್ಟೇಜೂ ಕದಲುವುದಿಲ್ಲ. ಆಮೇಲೆ ಬೇರೆಬೇರೆ ಉದ್ದದ ತಂತಿಗಳನ್ನು ಇಟ್ಟು ಅಳೆದ. 1827ರಲ್ಲಿ ಬಂದ ಅವನ ಪುಸ್ತಕಕ್ಕೆ ತಾಯ್ನಾಡಿನಲ್ಲಿ ಮನ್ನಣೆ ಸಿಗಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕ ಕೊಟ್ಟಿತು. ಉಷ್ಣತೆಯನ್ನು ಕಟ್ಟಿಹಾಕಿದ ಆ ಜಾಣ್ಮೆ ನನಗೆ ಅವನ ಹೆಸರಿನ ಸೂತ್ರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಬಕೆಟ್ಟಿಗೆ ಇಳಿಬಿಡುವ 1500 ವ್ಯಾಟಿನ ಹೀಟರ್ ಕಾಯಿಲ್ ಬಲ್ಬಿನಂತಲ್ಲ. ಒಳಗಿನ ನೈಕ್ರೋಮ್ ತಂತಿ ಕಾದರೂ ಅದರ ರೋಧ ಬದಲಾಗುವುದು ಅತ್ಯಲ್ಪ. 230 ವೋಲ್ಟ್, 6.5 ಆಂಪಿಯರ್, ಅಂದರೆ 35 ಓಮಿನ ಆಸುಪಾಸು. ಈಗ ಬೆಳಗಿನ ಹೊತ್ತು ಸುತ್ತಲಿನ ತೋಟದ ಪಂಪ್‌ಸೆಟ್‌ಗಳು ಒಟ್ಟಿಗೆ ಓಡಿ ಮನೆಯ ವೋಲ್ಟೇಜ್ 190ಕ್ಕೆ ಇಳಿಯಿತೆನ್ನಿ. ರೋಧ ಅಷ್ಟೇ ಇರುವುದರಿಂದ ಕರೆಂಟೂ ಅದೇ ಪ್ರಮಾಣದಲ್ಲಿ ಇಳಿದು 5.4 ಆಗುತ್ತದೆ. ಎರಡೂ ಇಳಿದ ಮೇಲೆ ಗುಣಾಕಾರಕ್ಕೆ ಇಮ್ಮಡಿ ಪೆಟ್ಟು: ಕಾಯಿಲ್ ಕೊಡುವುದು ಸುಮಾರು 1020 ವ್ಯಾಟ್. 15 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ತರಲು ಹದಿನೇಳೂವರೆ ನಿಮಿಷ ಸಾಕಿದ್ದದ್ದು ಈಗ ಇಪ್ಪತ್ತೈದು ನಿಮಿಷ ದಾಟುತ್ತದೆ. ವೋಲ್ಟೇಜ್ ಕಡಿಮೆಯಾದರೆ ಬಿಲ್ಲೂ ಇಳಿಯುತ್ತದೆಂದು ಸಮಾಧಾನಪಡುವವರಿದ್ದಾರೆ. ನೀರಿಗೆ ಬೇಕಾದ ಶಾಖ ಅಷ್ಟೇ, ಯೂನಿಟ್ಟೂ ಅಷ್ಟೇ. ಹೆಚ್ಚು ಹೊತ್ತು ತೆರೆದ ಬಕೆಟ್ಟಿನಿಂದ ಆರಿಹೋಗುವ ಶಾಖವನ್ನು ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿಯೇ.

ಅದೇ 190 ವೋಲ್ಟಿನಲ್ಲಿ ನಮ್ಮ ಬಲ್ಬು ಏನು ಮಾಡುತ್ತದೆ? ತಂತಿ ಕೊಂಚ ತಣಿಯುತ್ತದೆ, ರೋಧ ಇಳಿಯುತ್ತದೆ, ಆದ್ದರಿಂದ ಕರೆಂಟ್ ನಾವು ಅಂದುಕೊಂಡಷ್ಟು ಇಳಿಯುವುದಿಲ್ಲ. ಕಾಯಿಲ್ಲಿನ ಲೆಕ್ಕ ಹಚ್ಚಿದರೆ 41 ವ್ಯಾಟ್ ಬರಬೇಕಿತ್ತು, ಅಳೆದರೆ 45ರ ಹತ್ತಿರ ಸಿಗುತ್ತದೆ. ಬೆಳಕು ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗಿರುತ್ತದೆ.

ಹಳೆಯ ಕಬ್ಬಿಣದ ಚೋಕಿನ 40 ವ್ಯಾಟ್ ಟ್ಯೂಬ್‌ಲೈಟಿಗೆ ಇದೇ ಗುಣಾಕಾರ ಹಾಕಬೇಡಿ. ಕೆಪಾಸಿಟರ್ ಹಾಕಿಲ್ಲದಿದ್ದರೆ ಅದು ಎಳೆಯುವುದು 0.43 ಆಂಪಿಯರ್, ಗುಣಿಸಿದರೆ 99 ಬರುತ್ತದೆ. ಚೋಕಿನಲ್ಲಿ ಕರೆಂಟ್ ವೋಲ್ಟೇಜಿನ ಹಿಂದೆ ಬೀಳುವುದರಿಂದ ನಿಜವಾಗಿ ಖರ್ಚಾಗುವುದು ಅದರ ಅರ್ಧದಷ್ಟು. ಅಂಥ ಕಡೆ ವ್ಯಾಟ್‌ಮೀಟರೇ ಬೇಕು.

ಇನ್ನು ಅಳೆಯುವ ಬಗೆ. ಮಲ್ಟಿಮೀಟರನ್ನು ಆಂಪಿಯರಿಗೆ ತಿರುಗಿಸಿ ಪ್ಲಗ್ ಪಾಯಿಂಟಿಗೆ ಚುಚ್ಚುವುದು ಪ್ರಾಣಕ್ಕೇ ಎರವಾಗುವ ಕೆಲಸ, ಎಂದಿಗೂ ಮಾಡಬೇಡಿ. ಕ್ಲಾಂಪ್ ಮೀಟರ್ ಕೊಳ್ಳಿ. ಅದರ ಬಾಯಿಗೆ ಇಡೀ ವೈರನ್ನು ಕೊಟ್ಟರೆ ಸೊನ್ನೆ ಕಾಣುತ್ತದೆ, ಏಕೆಂದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸುತ್ತವೆ. ಫೇಸ್ ವೈರ್ ಒಂದೇ ಹಾದುಹೋಗಬೇಕು. ಅದಕ್ಕಾಗಿ ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲಿ ಚಿಕ್ಕದೊಂದು ಎಕ್ಸ್‌ಟೆನ್ಷನ್ ಮಾಡಿಸಿಕೊಳ್ಳಿ. ಹೊರಗಿನ ಹೊದಿಕೆ ಮಾತ್ರ ಬಿಚ್ಚಿರಲಿ, ಒಳವೈರುಗಳ ಪ್ಲಾಸ್ಟಿಕ್ ಹಾಗೇ ಇರಲಿ. ಬಲ್ಬಿನ 0.26 ಆಂಪಿಯರ್ ಅಗ್ಗದ ಮೀಟರಿನಲ್ಲಿ ತೊಯ್ದಾಡಿದರೆ, ಪ್ಲಗ್ ಕಿತ್ತು, ಆ ಫೇಸ್ ವೈರನ್ನು ಮೀಟರಿನ ಬಾಯಿಯೊಳಗೆ ಹತ್ತು ಸುತ್ತು ಸುತ್ತಿ, ಮತ್ತೆ ಹಾಕಿ. ಪರದೆಯ ಮೇಲೆ 2.6 ನಿಲ್ಲುತ್ತದೆ, ಹತ್ತರಿಂದ ಭಾಗಿಸಿಕೊಳ್ಳಿ.