ಪುಕ್ಕಟೆ ತಂತ್ರಾಂಶ, ದುಡಿಮೆಯ ದರ

ಹಳೆಯ ಮಿಲ್ಲಿಂಗ್ ಯಂತ್ರದ ಎರಕದ ಕಬ್ಬಿಣ ಎಷ್ಟೋ ವರ್ಷ ಬಾಳುತ್ತದೆ. ಮೊದಲು ಕೈಕೊಡುವುದು ಕಂಟ್ರೋಲರ್. ಹೊಸದನ್ನು ಕೊಳ್ಳಲಾಗದ ವರ್ಕ್‌ಶಾಪಿಗೆ, ಕಂಪ್ಯೂಟರಿನಿಂದ ಯಂತ್ರ ನಡೆಸುವ ಲಿನಕ್ಸ್‌ಸಿಎನ್‌ಸಿ ಎಂಬ ಪುಕ್ಕಟೆ ತಂತ್ರಾಂಶ ದೊಡ್ಡ ಆಸರೆ. ವಾಷಿಂಗ್ಟನ್ನಿನ ಪಕ್ಕದ ಗೈದರ್ಸ್‌ಬರ್ಗ್‌ನಲ್ಲಿರುವ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿ 1990ರ ದಶಕದಲ್ಲಿ ಇಎಂಸಿ ಎಂಬ ಹೆಸರಿನಲ್ಲಿ ಇದು ಹುಟ್ಟಿತು. ಅಲ್ಲಿನ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಬರೆದದ್ದಕ್ಕೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ಮುಂದೆ ಸ್ವಯಂಸೇವಕರು ಅದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬೆಳೆಸಿದರು.

ಪುಕ್ಕಟೆ ಸಿಕ್ಕಿದ್ದರಿಂದ ದುಡ್ಡು ಮಾಡುವುದು ಸರಿಯೇ? ಖಂಡಿತ ಸರಿ ಎನ್ನುತ್ತೇನೆ. ಇದನ್ನು ಯಂತ್ರಕ್ಕೆ ಕೂರಿಸುವ ಕೆಲಸ ಎಷ್ಟಿದೆ ನೋಡಿ. ಪ್ಯಾರಲಲ್ ಪೋರ್ಟಿನಿಂದ ಸ್ಟೆಪ್ಪರ್ ಮೋಟರ್ ಓಡಿಸುವಾಗ ಪಲ್ಸ್‌ಗಳನ್ನು ಕಂಪ್ಯೂಟರೇ ಹೊತ್ತುಹೊತ್ತಿಗೆ ಕಳಿಸಬೇಕು. ಹತ್ತಾರು ಮೈಕ್ರೋಸೆಕೆಂಡ್ ತಡವಾದರೂ ಮೋಟರ್ ಹೆಜ್ಜೆ ತಪ್ಪಬಹುದು, ಜಾಬ್ ಕೆಡಬಹುದು. ಅದಕ್ಕೇ ಈ ತಡವನ್ನು ಅಳೆಯುವ ಲೇಟೆನ್ಸಿ ಟೆಸ್ಟ್ ಹಾಕಿ, ಬೇಕೆಂದೇ ವಿಡಿಯೊ ಓಡಿಸಿ, ವಿಂಡೋಗಳನ್ನು ಎಳೆದಾಡಿ, ನ್ಯಾನೊಸೆಕೆಂಡಿನ ಗರಿಷ್ಠ ಅಂಕಿ ಎಲ್ಲಿಗೆ ಏರುತ್ತದೆಂದು ಕಾಯುತ್ತಾ ಕೂರಬೇಕು. ಅಂಕಿ ಹಾರಿದರೆ ಬಯಾಸ್ ಸೆಟ್ಟಿಂಗ್ ಬದಲಿಸು, ಅದಕ್ಕೂ ಬಗ್ಗದಿದ್ದರೆ ಮದರ್‌ಬೋರ್ಡನ್ನೇ ಬದಲಿಸು. ಆಮೇಲೆ ಲಿಮಿಟ್ ಸ್ವಿಚ್, ಎನ್‌ಕೋಡರ್, ಅರ್ಥಿಂಗ್. ಎಮರ್ಜೆನ್ಸಿ ಸ್ಟಾಪ್ ಒತ್ತಿದಾಗ ತಂತ್ರಾಂಶದ ಅಪ್ಪಣೆಗೆ ಕಾಯದೆ ಡ್ರೈವಿನ ಕರೆಂಟೇ ಕಡಿಯುವಂತೆ ವೈರಿಂಗ್ ಮಾಡಬೇಕು. ಆಪರೇಟರನ ಬೆರಳು ಉಳಿಯುವುದು ಈ ಕೆಲಸದಿಂದ. ಇದಕ್ಕೆ ಕೂಲಿ ಕೇಳಲು ಯಾರೂ ನಾಚಬೇಕಿಲ್ಲ.

ಇದರಿಂದ ಗಳಿಸುವ ಕಂಪನಿಗಳಲ್ಲಿ ನನಗೆ ಮೆಚ್ಚುಗೆಯಾದವು ಎರಡು. ಮೆಸಾ ಎಲೆಕ್ಟ್ರಾನಿಕ್ಸ್ ಪಲ್ಸ್ ಕಳಿಸುವ ಹೊಣೆಯನ್ನೇ ಹೊರುವ ಕಾರ್ಡ್ ಮಾರುತ್ತದೆ. ಅದರ ಡ್ರೈವರ್ ಲಿನಕ್ಸ್‌ಸಿಎನ್‌ಸಿಯೊಳಗೇ ಎಲ್ಲರಿಗೂ ತೆರೆದಿದೆ. ಟಾರ್ಮಾಕ್ ತನ್ನ ಯಂತ್ರಗಳ ಪಾತ್‌ಪೈಲಟ್ ಎಂಬ ಕಂಟ್ರೋಲರನ್ನು ಲಿನಕ್ಸ್‌ಸಿಎನ್‌ಸಿಯ ಮೇಲೆಯೇ ಕಟ್ಟಿತು. ಚಲನೆಯ ಹಾದಿ ಲೆಕ್ಕಹಾಕುವ ಭಾಗದ ಸುಧಾರಣೆಗೆ ಅದು ಕೊಟ್ಟ ನೆರವಿನ ಫಲ 2.7ನೇ ಆವೃತ್ತಿಯಲ್ಲಿ ಎಲ್ಲರಿಗೂ ಸಿಕ್ಕಿತು. ಗಳಿಸಿದ್ದರಲ್ಲಿ ಒಂದು ಪಾಲು ಮೂಲಕ್ಕೆ ಮರಳುವ ಇಂಥ ವ್ಯಾಪಾರವನ್ನು ನಾನು ಮನಸಾರೆ ಒಪ್ಪುತ್ತೇನೆ.

ನನ್ನ ತಕರಾರು ಬೇರೆ ಕಡೆಯಿದೆ. ಯಂತ್ರದ ತಂತಿಗಳನ್ನು ತಂತ್ರಾಂಶಕ್ಕೆ ಜೋಡಿಸುವ ಹಾಲ್ ಫೈಲ್ ಹೊಸಬರಿಗೆ ಇಂದಿಗೂ ಕಬ್ಬಿಣದ ಕಡಲೆ. ಈ ಕಷ್ಟವನ್ನೇ ಬಂಡವಾಳ ಮಾಡಿಕೊಂಡು ಫೈಲಿಗೆ ಬೀಗ ಹಾಕಿ, ಗಿರಾಕಿ ಪ್ರತಿ ಸಣ್ಣ ಬದಲಾವಣೆಗೂ ತಮ್ಮ ಬಾಗಿಲಿಗೇ ಬರುವಂತೆ ಮಾಡುವುದು ತಪ್ಪು. ಜಿಪಿಎಲ್ ಪ್ರಕಾರ ತಂತ್ರಾಂಶ ಪಡೆದವನಿಗೆ ಮೂಲ ಕೋಡ್ ಕೇಳುವ ಹಕ್ಕಿದೆ. ಮಾರುವವರು ಅದನ್ನು ಬಾಯಿಬಿಟ್ಟು ಹೇಳಬೇಕು. ಬೆಂಗಳೂರಿನ ಪೀಣ್ಯದಲ್ಲಿ ಈ ಕಸುಬಿಗೆ ಇಳಿಯುವ ಹುಡುಗರು ಬಿಲ್ಲಿನಲ್ಲಿ ಕಾರ್ಡಿಗಿಷ್ಟು, ವೈರಿಂಗ್‌ಗಿಷ್ಟು, ಟ್ಯೂನಿಂಗ್‌ಗಿಷ್ಟು ಎಂದು ಬಿಡಿಸಿ ಬರೆಯಲಿ. ಹಾಲ್ ಫೈಲ್ ಮತ್ತು ಯಂತ್ರದ ಸೆಟ್ಟಿಂಗ್‌ಗಳಿರುವ ಐಎನ್‌ಐ ಫೈಲಿನ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಮಾಲೀಕರ ಕೈಗೆ ಕೊಡಲಿ.