ಜೀನಿಗೂ ಮೊದಲಿನ ಮಾತು

ಮೆಲ್ಬರ್ನ್‌ನ ಮಕ್ಕಳ ನರತಜ್ಞೆ ಇಂಗ್ರಿಡ್ ಶೆಫರ್ ಅವರನ್ನು ಪರಿಚಯಿಸುವವರು ಹೆಚ್ಚಾಗಿ ಒಂದೇ ಮಾತಿನಿಂದ ಶುರುಮಾಡುತ್ತಾರೆ: ಮೂರ್ಛೆರೋಗದ ಮೊದಲ ಜೀನ್ ಕಂಡುಹಿಡಿದ ತಂಡದವರು. 2014ರಲ್ಲಿ ಸ್ಯಾಮ್ಯುಯೆಲ್ ಬರ್ಕೋವಿಕ್ ಜೊತೆ ಆಸ್ಟ್ರೇಲಿಯಾದ ಪ್ರಧಾನಿ ಹೆಸರಿನ ವಿಜ್ಞಾನ ಪ್ರಶಸ್ತಿ, 2018ರಲ್ಲಿ ರಾಯಲ್ ಸೊಸೈಟಿಯ ಫೆಲೋಶಿಪ್ ಅವರಿಗೆ ಬಂದವು. ಗೌರವ ಅರ್ಹರಿಗೇ ಸಂದಿದೆ. ಆದರೆ ಹೊಗಳಿಕೆ ಸಲ್ಲಬೇಕಾದ ಗುಣಕ್ಕೆ ಸಂದಿಲ್ಲ ಎಂಬುದು ನನ್ನ ತಕರಾರು.

ಜೀನ್‌ಗಳ ಲೆಕ್ಕವನ್ನೇ ಹಿಡಿದರೆ ಆ ಕೀರ್ತಿ ಹಲವರಿಗೆ ಹಂಚಿಹೋಗುತ್ತದೆ. 1995ರ ಆ ಮೊದಲ ಜೀನಿನ ಹಿಂದೆ ಅಡಿಲೇಡ್ ಮತ್ತು ಜರ್ಮನಿಯ ಪ್ರಯೋಗಾಲಯಗಳ ದುಡಿಮೆಯಿತ್ತು. ಡ್ರಾವೆ ಸಿಂಡ್ರೋಮ್ ಎಂಬ ಎಳೆಗೂಸುಗಳ ಭೀಕರ ಮೂರ್ಛೆಗೆ ಎಸ್‌ಸಿಎನ್1ಎ ಜೀನ್ ಕಾರಣವೆಂದು 2001ರಲ್ಲಿ ತೋರಿಸಿದ್ದು ಬೆಲ್ಜಿಯಂನ ಆಂಟ್‌ವರ್ಪ್ ತಂಡ. ಶೆಫರ್ ಅವರ ನಿಜವಾದ ಸಾಧನೆ ಜೀನಿಗೂ ಹಿಂದಿನದು. ಅದನ್ನು ನೋಡಲು 1997ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಬರ್ಕೋವಿಕ್ ಜೊತೆ ಅವರು ಬರೆದ ಪ್ರಬಂಧವನ್ನು ನಿಧಾನವಾಗಿ ಓದಬೇಕು.

ಅಲ್ಲಿ ಒಂದೇ ಕುಟುಂಬವಿದೆ. ಸುಮಾರು 2000 ಮಂದಿಯ ವಂಶಾವಳಿ, ಅದರ ಒಂದು ಕವಲಿನಲ್ಲಿ ನಾಲ್ಕು ತಲೆಮಾರುಗಳ 25 ಜನರಿಗೆ ಫಿಟ್ಸ್. ಜ್ವರ ಬಂದಾಗ ಮಗುವಿಗೆ ಬರುವ ಫಿಟ್ಸ್ ಸಾಮಾನ್ಯವಾಗಿ ಆರು ವರ್ಷದೊಳಗೆ ನಿಂತುಹೋಗುತ್ತದೆ. ಇಲ್ಲಿ ಹಲವರಿಗೆ ಆರು ದಾಟಿದರೂ ಬಂತು, ಇಲ್ಲವೇ ಜ್ವರವಿಲ್ಲದೆಯೂ ಬಂತು. ಹನ್ನೊಂದರ ಹೊತ್ತಿಗೆ ತಾನಾಗಿ ನಿಂತಿತು. ಇದೇ ಮನೆತನದ ಇನ್ನು ಕೆಲವರಿಗೆ ಕ್ಷಣಕಾಲ ಪ್ರಜ್ಞೆ ತಪ್ಪುವುದು, ಮೈ ಬೆಚ್ಚಿಬೀಳುವುದು, ಕುಸಿದು ಬೀಳುವುದು. ಒಬ್ಬೊಬ್ಬರನ್ನೇ ನೋಡಿದ ವೈದ್ಯರು ಇವಕ್ಕೆ ಬೇರೆಬೇರೆ ಹೆಸರು ಕೊಡುತ್ತಿದ್ದರು. ಈ ಪ್ರಬಂಧ ಹೆಸರಿಟ್ಟದ್ದು ಕುಟುಂಬಕ್ಕೆ. ಹಗುರದಿಂದ ಘೋರದವರೆಗಿನ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು ಎಂದಿತು.

ಆ ಹೆಸರಿನಲ್ಲಿರುವ ‘ಪ್ಲಸ್’ ಎಂಬ ಪದವನ್ನೇ ನೋಡಿ. ‘ಜ್ವರದ ಫಿಟ್ಸ್ ಪ್ಲಸ್’. ಕಾರಣ ತಿಳಿದಿದೆಯೆಂದು ಅದು ಹೇಳಿಕೊಳ್ಳುವುದಿಲ್ಲ. ನಮಗೆ ಗೊತ್ತಿರುವ ಕಾಯಿಲೆ ಇಲ್ಲಿ ತನ್ನ ಗಡಿ ದಾಟಿದೆ, ಎಷ್ಟು ದಾಟಿದೆಯೋ ಅಷ್ಟನ್ನು ಬರೆದುಕೊಂಡಿದ್ದೇವೆ ಎನ್ನುತ್ತದೆ. ಬಾಲ್ಯದಲ್ಲೇ ನಿಂತುಹೋದ ಫಿಟ್ಸ್ ದೊಡ್ಡವರಾದ ಮೇಲೆ ಯಾವ ಯಂತ್ರಕ್ಕೂ ಸಿಗದು. ಅದು ಉಳಿಯುವುದು ತಾಯಿಯ, ಅಜ್ಜಿಯ ನೆನಪಿನಲ್ಲಿ. ಅದನ್ನು ಕೂತು ಕೇಳದಿದ್ದರೆ ಆ ವಂಶಾವಳಿಯಲ್ಲಿ ಅರ್ಧ ಗುರುತುಗಳೂ ಬೀಳುತ್ತಿರಲಿಲ್ಲ. ನೆನಪು ತಪ್ಪಬಹುದು, ‘ಪ್ಲಸ್’ ಎಂಬ ಕೊಡೆಯಡಿ ಸೇರದವರೂ ಸೇರಿಬಿಡಬಹುದು ಎಂಬ ಆಕ್ಷೇಪ ನ್ಯಾಯವೇ. ಆದರೆ ಮರುವರ್ಷವೇ ಈ ಹೆಸರಿನ ಕಾಯಿಲೆಗೆ ಎಸ್‌ಸಿಎನ್1ಬಿ ಎಂಬ ಜೀನ್ ಸಿಕ್ಕಿತು. ಕೊಡೆ ಗಟ್ಟಿಯಾಗಿತ್ತು.

ನನ್ನ ಜಗಳವಿರುವುದು ಎರಡು ಗುಂಪಿನೊಂದಿಗೆ. ಜೀನ್ ಎಣಿಸಿ ಜೈಕಾರ ಹಾಕುವವರು ಒಂದು ಕಡೆ. ಜೀನ್ ಸಿಕ್ಕಿದರೆ ಮಗು ವಾಸಿಯಾಯಿತೇ ಎಂದು ಕೇಳುವವರು ಇನ್ನೊಂದು ಕಡೆ. ಎರಡನೆಯವರಿಗೆ ಉತ್ತರ ಸರಳ. ಕಾರ್ಬಮಜೆಪಿನ್, ಲ್ಯಾಮೋಟ್ರಿಜಿನ್‌ನಂಥ ಮಾತ್ರೆಗಳು ಡ್ರಾವೆ ಇರುವ ಮಗುವಿನ ಫಿಟ್ಸನ್ನು ಹೆಚ್ಚಿಸಬಲ್ಲವು. ಸರಿಯಾದ ಹೆಸರು ಸಿಕ್ಕರೆ ತಪ್ಪು ಮಾತ್ರೆ ತಪ್ಪುತ್ತದೆ. ವಾಸಿಯಾಗದ ಕಾಯಿಲೆಯಲ್ಲಿ ಇದು ಸಣ್ಣ ಮಾತಲ್ಲ.

ಎರಡೂ ಗುಂಪಿನವರು 2006ರ ಪ್ರಬಂಧವನ್ನು ಸರಿಯಾಗಿ ಓದಿಲ್ಲ. ಬರ್ಕೋವಿಕ್, ಶೆಫರ್ ಮತ್ತು ಸಂಗಡಿಗರು ಲಸಿಕೆಯಿಂದಲೇ ಮಿದುಳು ಕೆಟ್ಟಿತೆಂದು ದೂರಲಾಗಿದ್ದ 14 ಜನರನ್ನು ಪರೀಕ್ಷಿಸಿದರು. 11 ಮಂದಿಯಲ್ಲಿ ಎಸ್‌ಸಿಎನ್1ಎ ದೋಷ ಸಿಕ್ಕಿತು. ಲಕ್ಷಣಗಳ ಪ್ರಕಾರ ಪೂರ್ಣ ಡ್ರಾವೆ ಎನಿಸಿದ ಎಂಟು ಮಂದಿಯಲ್ಲಿ ಎಂಟೂ. ಅಂಚಿನಲ್ಲಿದ್ದ ನಾಲ್ವರಲ್ಲಿ ಮೂವರು. ಬೇರೆ ಕಾಯಿಲೆಯ ಇಬ್ಬರಲ್ಲಿ ಒಬ್ಬರೂ ಇಲ್ಲ. ಹಾಸಿಗೆಯ ಪಕ್ಕದ ವಿಂಗಡಣೆಗೂ ಪ್ರಯೋಗಾಲಯದ ಉತ್ತರಕ್ಕೂ ಹೊಂದಿಕೆಯಾಯಿತು. ಹದಿನಾಲ್ಕು ಸಣ್ಣ ಸಂಖ್ಯೆ, ನಿಜ. 2010ರಲ್ಲಿ ಇದೇ ತಂಡ ಇನ್ನಷ್ಟು ಡ್ರಾವೆ ಮಕ್ಕಳ ದಾಖಲೆ ತೆಗೆದಾಗ, ಲಸಿಕೆಯ ಬೆನ್ನಿಗೇ ಫಿಟ್ಸ್ ಕಂಡವರಲ್ಲಿ ಕಾಯಿಲೆ ಸರಾಸರಿ 18 ವಾರದ ವಯಸ್ಸಿಗೆ ಶುರುವಾಗಿತ್ತು, ಉಳಿದವರಲ್ಲಿ 26ಕ್ಕೆ. ಮುಂದಿನ ಬೆಳವಣಿಗೆಯಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಚುಚ್ಚುಮದ್ದು ದಿನವನ್ನು ಹಿಂದಕ್ಕೆಳೆದಿರಬಹುದು, ಕಾಯಿಲೆಯನ್ನು ತಂದಿರಲಿಲ್ಲ.

ಆ ಹದಿನಾಲ್ವರನ್ನು ಆರಿಸಿದ ಬಗೆಯನ್ನು ಗಮನಿಸಿ: ಲಸಿಕೆಯಾದ 72 ಗಂಟೆಯೊಳಗೆ ಮೊದಲ ಫಿಟ್ಸ್ ಬಂದವರು. ಅಂದರೆ ‘ಚುಚ್ಚಿಸಿಕೊಂಡು ಬಂದ ಮೇಲೇ ಹೀಗಾಯಿತು’ ಎಂಬ ಮನೆಯವರ ಮಾತನ್ನು ತಳ್ಳಿಹಾಕಲಿಲ್ಲ, ಅಲ್ಲಿಂದಲೇ ಹೊರಟರು. ತಂದೆತಾಯಿಯರ ರಕ್ತ ದೊರೆತ ಒಂಬತ್ತೂ ಕುಟುಂಬಗಳಲ್ಲಿ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಿತ್ತು, ಹೆತ್ತವರಲ್ಲಿ ಇರಲಿಲ್ಲ. ತಾಯಿ ಹೇಳಿದ ದಿನಾಂಕ ನಿಜ, ಅವಳು ತನ್ನ ಮೇಲೆ ಹೊತ್ತುಕೊಂಡ ತಪ್ಪು ಮಾತ್ರ ಅವಳದಲ್ಲ. ಮೆಲ್ಬರ್ನ್‌ನ ವಿಜ್ಞಾನ ದೊಡ್ಡದಾಗುವುದು ಈ ಎರಡನ್ನೂ ಒಟ್ಟಿಗೆ ಹೇಳಬಲ್ಲದ್ದರಿಂದ.