ಕೊಡುವ ವೀರ: ಜಿ. ವಿ. ಅಯ್ಯರ್ ಅವರ ಚಿತ್ರಕಥೆಗಳಲ್ಲಿ ನಾಯಕನ ಕಲ್ಪನೆ

ನಾಟಕವನ್ನು ಕಾವ್ಯದೊಡನೆ ಕೂರಿಸಿ ಪಾಠ ಹೇಳುವ ನಾವು, ಚಿತ್ರಕಥೆಯನ್ನು ಮಾತ್ರ ವಿಮರ್ಶೆಯ ಹೊಸ್ತಿಲಾಚೆಯೇ ನಿಲ್ಲಿಸಿದ್ದೇವೆ. ಅದು ಹಣಕ್ಕಾಗಿ ಬರೆದದ್ದು, ಹಲವರ ಕೈ ಸೋಕಿದ್ದು, ಚಿತ್ರ ಮುಗಿದೊಡನೆ ಅದರ ಕೆಲಸವೂ ಮುಗಿಯಿತು ಎಂಬುದು ಇದಕ್ಕೆ ಕೊಡುವ ಕಾರಣ. ಆದರೆ ಕಳೆದ ಶತಮಾನದಲ್ಲಿ ಕನ್ನಡ ಜನಸಾಮಾನ್ಯರ ಮನಸ್ಸಿನಲ್ಲಿ ‘ವೀರ’ನೆಂಬವನ ಆಕಾರವನ್ನು ಕಡೆದವರಲ್ಲಿ ಚಿತ್ರಕಥೆಗಾರರ ಪಾಲು ಕವಿಗಳ ಪಾಲಿಗಿಂತ ಕಡಮೆಯದೆನ್ನಲಾಗದು. ಅಂಥವರಲ್ಲಿ ಒಬ್ಬರಾದ ಜಿ. ವಿ. ಅಯ್ಯರ್ (1917–2003) ಅವರ ಬರೆವಣಿಗೆಯಲ್ಲಿ ಈ ವೀರನು ಹೇಗೆ ಬೆಳೆದನು, ಎಲ್ಲಿ ಎಡವಿದನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ವೀರನೆಂದರೆ ಯಾರು ಎಂಬ ಪ್ರಶ್ನೆಗೆ ನಮ್ಮ ಜನಪದ ರಂಗಭೂಮಿ ಒಂದು ಸ್ಪಷ್ಟ ಉತ್ತರ ಕೊಟ್ಟಿದೆ. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ, ಕೊಂಕಲ್ಲಿನಂಥ ಊರುಗಳ ಸುತ್ತುಮುತ್ತ, ದೊಡ್ಡಾಟ ಕಂಡವರಿಗೆ ಅದು ತಿಳಿದದ್ದೇ. ಕಿರೀಟ ಭುಜಕೀರ್ತಿಗಳನ್ನು ಧರಿಸಿ ಅಟ್ಟ ನಡುಗುವಂತೆ ಹೆಜ್ಜೆಯಿಟ್ಟು ಬರುವ ಪಾತ್ರವನ್ನು ಸಾರಥಿ ‘ತಾವು ಯಾರು’ ಎಂದು ಕೇಳುತ್ತಾನೆ. ಪಾತ್ರವು ತನ್ನ ಕುಲ, ನಾಮ, ಪರಾಕ್ರಮಗಳನ್ನು ತಾನೇ ಸಾರಿಕೊಳ್ಳುತ್ತದೆ. ಹೆಸರನ್ನು ಘೋಷಿಸುವವನು ವೀರ. ನಂಜನಗೂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದ ಅಯ್ಯರ್ ಅವರು ಕಲಿತದ್ದೂ ಇದಕ್ಕೆ ಹತ್ತಿರದ ಪಾಠವನ್ನೇ. ಕಂಪನಿ ನಾಟಕದಲ್ಲಿಯೂ ಕಂಠವೇ ಪರಾಕ್ರಮ. ಹೀಗಿದ್ದರೂ ಅವರ ಲೇಖನಿಯಿಂದ ಬಂದ ನಾಯಕರು ಸಾರಿಕೊಳ್ಳುವವರಲ್ಲ, ಕೊಟ್ಟುಬಿಡುವವರು. ಅವರ ಬರೆವಣಿಗೆಯ ಉದ್ದಕ್ಕೂ ಹರಿದ ಸೂತ್ರ ಇದೇ ಎಂದು ನಮ್ಮ ಭಾವನೆ.

1954ರ ‘ಬೇಡರ ಕಣ್ಣಪ್ಪ’ವನ್ನು ಮೊದಲು ನೋಡೋಣ. ಎಚ್. ಎಲ್. ಎನ್. ಸಿಂಹ ಅವರು ನಿರ್ದೇಶಿಸಿದ, ರಾಜಕುಮಾರ್ ಅವರು ಮೊದಲಬಾರಿಗೆ ನಾಯಕರಾದ ಈ ಚಿತ್ರದ ಸಾಹಿತ್ಯ ಅಯ್ಯರ್ ಅವರದು. ಅರವತ್ತುಮೂವರು ಪುರಾತನರಲ್ಲಿ ಒಬ್ಬನಾದ ಕಣ್ಣಪ್ಪನ ಕಥೆ ಹೊಸದಲ್ಲ. ಗಮನಿಸಬೇಕಾದುದು ಕಥೆಯ ತಿರುವು. ಬೇಡನ ಬಲವಿರುವುದು ಬಿಲ್ಲಿನಲ್ಲಿ. ಬಿಲ್ಲಿಗೆ ಗುರಿ ತೋರುವುದು ಕಣ್ಣು. ಅವನು ದೇವರಿಗೆ ಒಪ್ಪಿಸುವುದು ಆ ಕಣ್ಣನ್ನೇ, ಅಂದರೆ ತನ್ನ ಪರಾಕ್ರಮದ ಮೂಲವನ್ನೇ. ಬೇಡ ನಾಯಕರು ಆಳಿದ, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಆಂಗ್ಲರ ವಿರುದ್ಧ ಎದ್ದುನಿಂತ ಸುರಪುರದ ಸೀಮೆಯವರಿಗೆ ಬೇಡನ ಬಿಲ್ಲು ಏನೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದಲೇ ಆ ದಾನದ ಬೆಲೆ ಇಲ್ಲಿಯ ಪ್ರೇಕ್ಷಕನಿಗೆ ಹೆಚ್ಚಾಗಿ ತಟ್ಟುತ್ತದೆ.

1960ರ ‘ರಣಧೀರ ಕಂಠೀರವ’ ಈ ಸೂತ್ರಕ್ಕೆ ಹೊರತೆಂದು ತೋರಬಹುದು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಅವರೊಡನೆ ಅಯ್ಯರ್ ಅವರೂ ಸೇರಿ ಕಲಾವಿದರ ಸಂಘದಿಂದ ನಿರ್ಮಿಸಿದ ಈ ಚಿತ್ರದ ಸಾಹಿತ್ಯವೂ ಅವರದೇ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ದೇಹಬಲಕ್ಕೆ ಹೆಸರಾದವರು. ಗೋವಿಂದವೈದ್ಯನ ಕಾವ್ಯಕ್ಕೂ ವಸ್ತುವಾದವರು. ಆದರೆ ಜನರ ನೆನಪಿನಲ್ಲಿ ಉಳಿದ ಐತಿಹ್ಯ ಯಾವುದು? ಅರಸನು ವೇಷ ಮರೆಸಿಕೊಂಡು ತಿರುಚನಾಪಳ್ಳಿಗೆ ಹೋಗಿ, ಅಲ್ಲಿಯ ಗರ್ವಿ ಜಟ್ಟಿಯನ್ನು ಸೋಲಿಸಿ, ಗುರುತು ಹೇಳದೆ ಮರಳಿ ಬಂದನೆಂಬುದು. ದೊಡ್ಡಾಟದ ವೀರನು ಹೆಸರು ಹೇಳಿ ಕಾದುತ್ತಾನೆ. ಈತನು ಹೆಸರನ್ನು ಬಿಟ್ಟು ಕಾದುತ್ತಾನೆ. ಅಯ್ಯರ್ ಅವರಿಗೆ ಒಪ್ಪುವ ಅರಸನೆಂದರೆ ಇವನೇ.

ಗುರುತು ಮರೆಸಿಕೊಂಡ ವೀರನು ಕನ್ನಡಕ್ಕಷ್ಟೇ ಸೇರಿದವನಲ್ಲ. ಜಪಾನಿನ ದೂರದರ್ಶನದಲ್ಲಿ 1966ರಲ್ಲಿ ‘ಅಲ್ಟ್ರಾಮನ್’, 1971ರಲ್ಲಿ ‘ಕಾಮೆನ್ ರೈಡರ್’ ಬಂದಾಗಿನಿಂದ, ಸಾಮಾನ್ಯನೊಬ್ಬ ರೂಪ ಬದಲಿಸಿ ಲೋಕವನ್ನು ಕಾಯುವ ಕಥೆಗಳು ಅಲ್ಲಿಯ ಮಕ್ಕಳ ವಾರವಾರದ ಪುರಾಣವಾದುವು. ಅವುಗಳನ್ನು ಬರೆದವರಲ್ಲಿ ಓಕಿನಾವಾ ದ್ವೀಪದ ಶೋಝೋ ಉಎಹಾರಾ (1937–2020) ಪ್ರಮುಖರು. ಅವರು 1971ರಲ್ಲಿ ಅಲ್ಟ್ರಾಮನ್ ಮಾಲೆಗೆ ಬರೆದ ಒಂದು ಕಂತಿನಲ್ಲಿ, ಊರ ಜನರೇ ಗುಂಪುಗೂಡಿ ನಿರಪರಾಧಿಯಾದ ಪರಲೋಕದ ಮುದುಕನೊಬ್ಬನ ಸಾವಿಗೆ ಕಾರಣರಾಗುತ್ತಾರೆ; ಅನಂತರ ಭೂತಾಕಾರದ ಮೃಗವೊಂದು ಎದ್ದು ಬಂದಾಗ ಇಂಥ ಜನರಿಗಾಗಿ ಹೋರಾಡಲು ನಾಯಕನಿಗೆ ಮನಸ್ಸೇ ಬಾರದು. ಮಕ್ಕಳ ರಂಜನೆಗೆಂದು ಇದ್ದ ರೂಪದೊಳಗೆ ಒಂದು ಸಮಾಜದ ಪಾಪಪ್ರಜ್ಞೆಯನ್ನು ತುಂಬಿದ ಬರೆಹ ಅದು. ವೀರನ ಬಲವನ್ನು ತೋರಿಸುವುದು ಸುಲಭ. ಆ ಬಲ ಯಾರಿಗಾಗಿ ಎಂದು ಕೇಳುವುದು ಕಷ್ಟ. ಅಯ್ಯರ್ ಅವರನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಅದಕ್ಕೆ ತಕ್ಕ ಸ್ಥಳ 1962ರ ‘ಭೂದಾನ’. ಅಯ್ಯರ್ ಅವರು ನಿರ್ದೇಶನಕ್ಕೆ ಕಾಲಿಟ್ಟದ್ದು ಈ ಚಿತ್ರದಲ್ಲಿ. ವಿನೋಬಾ ಅವರ ಭೂದಾನ ಚಳವಳಿ 1951ರಲ್ಲಿ ಆರಂಭವಾದದ್ದು ತೆಲಂಗಾಣದ ಪೋಚಂಪಳ್ಳಿಯಲ್ಲಿ. ಅಂದು ಯಾದಗಿರಿಯ ಸೀಮೆಯೂ ಅದೇ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಚಿತ್ರದ ಮೇಲೆ ಶಿವರಾಮ ಕಾರಂತರ ‘ಚೋಮನ ದುಡಿ’ಯ ನೆರಳೂ ಇದೆ. ಈ ಎರಡು ಮೂಲಗಳು ಒಂದಕ್ಕೊಂದು ಒಗ್ಗುವಂಥವಲ್ಲ. ದಾನಕ್ಕೆ ಕೊಡುವವನು ಬೇಕು. ಚೋಮನ ಬಳಿ ಕೊಡಲು ಏನೂ ಇಲ್ಲ. ಅವನು ಕೇಳುವುದು ಉಳಲು ಒಂದು ತುಂಡು ಭೂಮಿಯನ್ನು, ಅದೂ ಭಿಕ್ಷೆಯಾಗಿ ಅಲ್ಲ. ಕಣ್ಣಪ್ಪನು ಕಣ್ಣು ಕೊಟ್ಟರೆ ಅದು ಭಕ್ತಿಯ ಪರಾಕಾಷ್ಠೆ. ಉಳ್ಳವನು ಹೊಲ ಕೊಟ್ಟರೆ ಅದೂ ವೀರವೇ ಆದೀತೆ? ಕೊಡುವವನೇ ವೀರನಾದರೆ ಪಡೆಯುವವನು ಎಂದಿಗೂ ನಾಯಕನಾಗಲಾರ. ಅಯ್ಯರ್ ಅವರ ಸೂತ್ರದ ಮಿತಿ ಇಲ್ಲಿ ಬಯಲಾಗುತ್ತದೆ ಎನ್ನದೆ ವಿಧಿಯಿಲ್ಲ. ಒಕ್ಕಲುತನವನ್ನೇ ನಂಬಿದ ಸೀಮೆಯ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಹಗುರವಾಗಿ ದಾಟಿಹೋಗಬಾರದು.

ಅಯ್ಯರ್ ಅವರು ಈ ಇಕ್ಕಟ್ಟಿನಿಂದ ಹೊರಬಂದದ್ದು ನಾಯಕನನ್ನು ಬದಲಿಸಿ. ತ. ರಾ. ಸುಬ್ಬರಾಯರ ಕಾದಂಬರಿಯನ್ನು ಆಧರಿಸಿದ ‘ಹಂಸಗೀತೆ’ (1975)ಯ ಸಂಗೀತಗಾರ ವೆಂಕಟಸುಬ್ಬಯ್ಯನು ಚಿತ್ರದುರ್ಗವನ್ನು ಗೆದ್ದವರ ಆಜ್ಞೆಗೆ ಹಾಡುವುದಕ್ಕಿಂತ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಹೊರನೋಟಕ್ಕೆ ಇದು ಕಣ್ಣಪ್ಪನ ಕಥೆಯೇ: ಒಬ್ಬನು ಕಣ್ಣನ್ನು, ಇನ್ನೊಬ್ಬನು ನಾಲಗೆಯನ್ನು ಕಳೆದುಕೊಂಡನು. ವ್ಯತ್ಯಾಸವಿಷ್ಟೆ: ಮೊದಲನೆಯವನು ದೇವರಿಗೆ ಕೊಟ್ಟನು, ಎರಡನೆಯವನು ಅಧಿಕಾರಕ್ಕೆ ಕೊಡಲೊಲ್ಲದೆ ಹೋದನು. ದಾನವು ನಿರಾಕರಣೆಯಾಯಿತು. ಏನೂ ಇಲ್ಲದವನೂ ‘ಒಲ್ಲೆ’ ಎನ್ನಬಲ್ಲ. ಅದಕ್ಕೆ ಸಂಪತ್ತು ಬೇಡ. ಅಯ್ಯರ್ ಅವರ ಕೃತಿಗಳಲ್ಲಿ ಅತ್ಯಂತ ಪರಿಪಕ್ವವಾದ ವೀರಕಲ್ಪನೆ ಇದೆಂದು ನಾವು ಭಾವಿಸುತ್ತೇವೆ.

‘ಆದಿ ಶಂಕರಾಚಾರ್ಯ’ (1983) ಇದರ ಮುಂದಿನ ಹೆಜ್ಜೆ. ಸಂಸ್ಕೃತದ ಮೊದಲ ಕಥಾಚಿತ್ರವಾದ ಇದಕ್ಕೆ ಸ್ವರ್ಣಕಮಲದೊಡನೆ ಚಿತ್ರಕಥೆಯ ರಾಷ್ಟ್ರಪ್ರಶಸ್ತಿಯೂ ದೊರೆಯಿತು. ಇಲ್ಲಿ ಮೃತ್ಯುವೂ ಪ್ರಜ್ಞೆಯೂ ಎರಡು ಪಾತ್ರಗಳಾಗಿ ಶಂಕರನ ಸಂಗಡಿಗರಂತೆ ನಡೆದುಬರುತ್ತವೆ. ಕಾವ್ಯದಲ್ಲಿ ಒಂದು ರೂಪಕದಲ್ಲಿ ಮುಗಿಯಬಹುದಾದುದನ್ನು ಕಣ್ಣಿಗೆ ಕಾಣಿಸಿದ ಈ ಕಲ್ಪನೆ ಚಿತ್ರಕಥೆಗೇ ವಿಶಿಷ್ಟವಾದುದು. ಕಂಠವೇ ಪರಾಕ್ರಮವೆಂದ ರಂಗಭೂಮಿಯಿಂದ ಬಂದ ಬರೆಹಗಾರನು ಕೊನೆಗೆ, ಬಹುಪಾಲು ಪ್ರೇಕ್ಷಕರಿಗೆ ತಿಳಿಯದ ನುಡಿಯೊಂದರಲ್ಲಿ ಕಥೆ ಹೇಳಲು ಧೈರ್ಯಮಾಡಿದನು. ಮಾತಿನ ಬಲವನ್ನೂ ಬಿಟ್ಟುಕೊಟ್ಟನು. ಆದರೆ ಅನಂತರದ ‘ಮಧ್ವಾಚಾರ್ಯ’ (1986), ‘ರಾಮಾನುಜಾಚಾರ್ಯ’ (1989) ಚಿತ್ರಗಳಲ್ಲಿ ನಾಯಕನು ಆರಂಭದಲ್ಲಿಯೇ ಪೂರ್ಣನಾಗಿರುತ್ತಾನೆ. ಕಳೆದುಕೊಳ್ಳಲು ಏನೂ ಉಳಿಯದ ನಾಯಕನಲ್ಲಿ ಘರ್ಷಣೆಯೂ ಉಳಿಯದು. ಚಿತ್ರಕಥೆಯು ಚರಿತ್ರೆಯ ನಿರೂಪಣೆಯಾಗುತ್ತದೆ. ವೆಂಕಟಸುಬ್ಬಯ್ಯನ ನೋವು ನಮ್ಮನ್ನು ಮುಟ್ಟುವಂತೆ ಈ ಆಚಾರ್ಯರ ಸಿದ್ಧಿ ಮುಟ್ಟುವುದಿಲ್ಲ.

ಒಟ್ಟಿನಲ್ಲಿ, ಬರಿಗಾಲಿನಲ್ಲಿ ನಡೆದ ಈ ಬರೆಹಗಾರರು ಕನ್ನಡಕ್ಕೆ ಕೊಟ್ಟದ್ದು ಗೆಲ್ಲುವ ವೀರನನ್ನಲ್ಲ, ಬಿಡುವ ವೀರನನ್ನು. ಯಾವುದನ್ನು ಬಿಡಬೇಕು, ಯಾರಿಗಾಗಿ ಬಿಡಬೇಕು ಎಂಬ ಪ್ರಶ್ನೆಗೆ ‘ಭೂದಾನ’ದಲ್ಲಿ ಅವರಿಗೆ ಉತ್ತರ ದೊರೆಯಲಿಲ್ಲ, ‘ಹಂಸಗೀತೆ’ಯಲ್ಲಿ ದೊರೆಯಿತು. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ‘ಚೋಮನ ದುಡಿ’ಯೊಡನೆ ಹೋಲಿಸಿ ಓದುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಬೆಳೆದರೆ, ಚಿತ್ರಕಥೆ ಹೊಸ್ತಿಲು ದಾಟಿ ಒಳಬರುವುದು ಅಸಾಧ್ಯವಲ್ಲ.